ಎಣ್ಣೆ ಬಾವಿಗೆ ಎಣ್ಣೆಯನ್ನೇ ಇಳಿಸುವುದೇ? ಆಕ್ಷೇಪಗಳಿಗೆ ನನ್ನ ಉತ್ತರ

ಬಂಡೆ ಸೀಳಿ ತೈಲ ತೆಗೆಯುವ ಬಾವಿಗಳಲ್ಲಿ ಬರೀ ನೀರಿನ ಜೆಲ್ ಬದಲು ಎಣ್ಣೆ-ನೀರಿನ ಎಮಲ್ಷನ್ ಬಳಸಿ ನೋಡಬೇಕು, ಅದೂ ನಮ್ಮ ಹಳೆಯ ಕ್ಷೇತ್ರಗಳಲ್ಲಿ ನೋಡಬೇಕು ಎಂದು ನಾನು ಬರೆದದ್ದಕ್ಕೆ ಎರಡು ಕಡೆಯಿಂದ ಏಟು ಬಿದ್ದಿದೆ. ಪರಿಸರದ ಕಳಕಳಿ ಇರುವವರು ಇದು ವಿಷ ಎಂದರು. ನನ್ನದೇ ಕಸುಬಿನ ಕೆಲವರು ಇದು ಎಂದೋ ಮೂಲೆಗೆ ಬಿದ್ದ ಸರಕು ಎಂದರು. ಮೊದಲಿನವರಿಗೆ ಉತ್ತರಿಸುವಾಗ ದನಿ ತಗ್ಗಿಸುತ್ತೇನೆ, ಏಕೆಂದರೆ ಅವರ ಭಯಕ್ಕೆ ಆಧಾರವಿದೆ. ಎರಡನೆಯವರ ವಿಷಯ ಹಾಗಲ್ಲ. ಪೂರ್ತಿ ಗೊತ್ತಿದ್ದೂ ಅರ್ಧ ಹೇಳುವವರ ಹತ್ತಿರ ನಯ ಯಾಕೆ?

ನಾನು ಹೇಳಿದ್ದೇನು ಎಂಬುದು ಮೊದಲು ಸ್ಪಷ್ಟವಾಗಲಿ. ಪ್ರತಿ ಬಾವಿಗೂ ಎಮಲ್ಷನ್ ಬೇಕು ಎಂದು ಹೇಳಿಲ್ಲ. ಶೇಲ್ ಎಂಬ ಪದರಗಲ್ಲಿನ ಅನಿಲಕ್ಕೆ ಬೇಕು ಎಂದೂ ಹೇಳಿಲ್ಲ. ಕಲ್ಲಿದ್ದಲ ಪದರದ ಮೀಥೇನ್ ಬಾವಿಗೆ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಮಾತು ಒಂದು ಬಗೆಯ ಬಾವಿಯ ಕುರಿತದ್ದು: ನೀರು ತಾಗಿದರೆ ಉಬ್ಬುವ ಜೇಡಿ ಬೆರೆತ ಬಿಗಿ ಮರಳುಗಲ್ಲು, ವರ್ಷಗಟ್ಟಲೆ ತೈಲ ತೆಗೆದು ಒತ್ತಡ ಇಳಿದ ಪದರ, ತೀರಾ ಬಿಸಿಯಲ್ಲದ ಸಾಧಾರಣ ಆಳ, ಜೊತೆಗೆ ಅದೇ ಕ್ಷೇತ್ರದಲ್ಲಿ ಸಿಗುವ ಹಗುರ ಎಣ್ಣೆ. ಗುಜರಾತಿನ ಕ್ಯಾಂಬೆ ಬೇಸಿನ್ನಿನಲ್ಲಿ, ಅಹಮದಾಬಾದಿನ ಪಕ್ಕದ ಕಲೋಲ್ ಕಡೆಯ ಬಿಗಿ ಪದರಗಳಲ್ಲಿ ಓಎನ್‌ಜಿಸಿ ಬಹಳ ಕಾಲದಿಂದ ಬಂಡೆ ಸೀಳುವ ಕೆಲಸ ಮಾಡಿಕೊಂಡು ಬಂದಿದೆ. ನಾನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಅಂಥ ಜಾಗಗಳನ್ನು.

ಈ ದ್ರವದ ರಚನೆಯನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡುತ್ತೇನೆ. ಮೂರರಲ್ಲಿ ಎರಡು ಪಾಲು ಎಣ್ಣೆ, ಒಂದು ಪಾಲು ಗೋರಿಕಾಯಿ ಬೀಜದ ಗೋಂದು ಕರಗಿಸಿದ ಉಪ್ಪುನೀರು, ಎರಡನ್ನೂ ಹಿಡಿದಿಡಲು ಚೂರು ಎಮಲ್ಸಿಫೈಯರ್. ಪಾಲಿನಲ್ಲಿ ಎಣ್ಣೆ ಹೆಚ್ಚಿದ್ದರೂ ಅದು ಒಳಗಿನ ಹನಿಯಾಗಿ ಇರುತ್ತದೆ, ಸುತ್ತ ಇರುವುದು ನೀರು. ಹನಿಗಳು ಒತ್ತೊತ್ತಾಗಿ ಕೂತು ಜರುಗಲು ಜಾಗವಿಲ್ಲದಾಗ ದ್ರವ ಮಂದವಾಗುತ್ತದೆ. ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ತಡೆಯುವ ಮರಳನ್ನು ಒಳಕ್ಕೆ ಹೊತ್ತೊಯ್ಯುವುದು ಈ ಮಂದತನವೇ. ಎಣ್ಣೆ ಶೇ. 60ಕ್ಕಿಂತ ಇಳಿದರೆ ದ್ರವ ತೆಳುವಾಗುತ್ತದೆ. ಶೇ. 80 ದಾಟಿದರೆ ಮಿಶ್ರಣ ತಾಳುವುದಿಲ್ಲ, ಒಳಗಿನದು ಹೊರಗಾಗಿ ತಿರುಗಿಬೀಳುತ್ತದೆ. ಮೊಸರು ಕಡೆಯುವಾಗ ನೀರಿನೊಳಗೆ ಚದುರಿದ್ದ ಜಿಡ್ಡು ಯಾವುದೋ ಒಂದು ಗಳಿಗೆಯಲ್ಲಿ ಬೆಣ್ಣೆಯಾಗಿ ಕೂಡಿಕೊಳ್ಳುತ್ತದಲ್ಲ, ಹಾಗೆ.

ಇನ್ನು ಆಕ್ಷೇಪಗಳಿಗೆ ಬರೋಣ.

“ಎಣ್ಣೆ ತೆಗೆಯಲು ಎಣ್ಣೆ ಸುರಿಯುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಯಿತು” ಎಂಬುದು ಮೊದಲ ಆಕ್ಷೇಪ. ಲೆಕ್ಕ ಹಾಕಿ ನೋಡೋಣ. ಕ್ಯಾಂಬೆ ಕಡೆಯ ಲಂಬ ಬಾವಿಯಲ್ಲಿ ಒಂದು ಸಣ್ಣ ಕೆಲಸಕ್ಕೆ 300 ಘನ ಮೀಟರ್ ದ್ರವ ಎಂದಿಟ್ಟುಕೊಳ್ಳಿ. ಎಮಲ್ಷನ್ ಆದರೆ ಅದರಲ್ಲಿ 200 ಘನ ಮೀಟರ್, ಅಂದರೆ 2 ಲಕ್ಷ ಲೀಟರ್ ಎಣ್ಣೆ. ಬ್ಯಾರೆಲ್ ಲೆಕ್ಕದಲ್ಲಿ ಸುಮಾರು 1,250. ಆಕ್ಷೇಪಿಸಿದವರು ಇದನ್ನು ಪೆಟ್ರೋಲ್ ಬಂಕಿನ ಡೀಸೆಲ್ ದರಕ್ಕೆ ಗುಣಿಸಿ, ಕೋಟಿ ಮೀರಿದ ಮೊತ್ತ ತೋರಿಸಿ, ಮುಗಿಯಿತು ಎಂದಿದ್ದಾರೆ. ಬಂಕಿನ ಡೀಸೆಲ್ ಬಳಸಿ ಎಂದು ಯಾರು ಹೇಳಿದರು? ಬಳಸಬೇಕಾದ್ದು ಅದೇ ಕ್ಷೇತ್ರದ ಹಗುರ ಕಚ್ಚಾ ಎಣ್ಣೆ. ದಿನಕ್ಕೆ 50 ಬ್ಯಾರೆಲ್ ಕೊಡುವ ಬಾವಿಯ 25 ದಿನದ ದುಡಿಮೆ ಅದು. ಕೆಲಸ ಮುಗಿದು ಬಾವಿ ತೆರೆದಾಗ ಅದೇ ಎಣ್ಣೆ ಹೊಸ ಎಣ್ಣೆಯ ಜೊತೆ ಮೇಲೆ ಬರುತ್ತದೆ, ಅದೇ ಟ್ಯಾಂಕಿಗೆ ಹೋಗುತ್ತದೆ, ಮಾರಾಟವಾಗುತ್ತದೆ. ಪೂರ್ತಿ ಬರುವುದಿಲ್ಲ, ಒಂದಷ್ಟು ಬಂಡೆಯಲ್ಲೇ ಉಳಿಯುತ್ತದೆ. ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಆದರೆ ನೀರಿನ ಜೆಲ್ ಆದರೆ ಹಿಂದಿರುಗಿದ ನೀರನ್ನು ಯಾರೂ ಕೊಳ್ಳುವುದಿಲ್ಲ, ಅದನ್ನು ಸಾಗಿಸಿ ವಿಲೇವಾರಿ ಮಾಡಲು ನಾವೇ ದುಡ್ಡು ಕೊಡಬೇಕು. ಈ ಬಾಬ್ತು ಅವರ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಯಾವ ಎಣ್ಣೆಯೂ ಆಗುತ್ತದೆ ಎಂದು ಹೊರಟರೆ ಕೆಡುತ್ತದೆ. ರಾಜಸ್ಥಾನದ ಬಾಡಮೇರಿನ ಮಂಗಳಾ ಕ್ಷೇತ್ರದ ಎಣ್ಣೆಯಲ್ಲಿ ಮೇಣ ಎಷ್ಟಿದೆ ಎಂದರೆ ಸಾಧಾರಣ ಉಷ್ಣತೆಯಲ್ಲಿ ಅದು ಹರಿಯುವುದೇ ಇಲ್ಲ. ಅದನ್ನು ಗುಜರಾತಿನ ಕರಾವಳಿಗೆ ಒಯ್ಯುವ ಪೈಪ್‌ಲೈನನ್ನು ಉದ್ದಕ್ಕೂ ಬಿಸಿ ಮಾಡುತ್ತಲೇ ಇರಬೇಕು. ಅಂಥ ಎಣ್ಣೆಯಿಂದ ಎಮಲ್ಷನ್ ಮಾಡಹೊರಡುವುದು ಹುಚ್ಚುತನ. ಅದೇ ಸೀಮೆಯ ರಾಗೇಶ್ವರಿ ಆಳದ ಅನಿಲ ಕ್ಷೇತ್ರದಲ್ಲೂ ಬಂಡೆ ಸೀಳುತ್ತಾರೆ, ಅಲ್ಲಿರುವುದು ಜ್ವಾಲಾಮುಖಿ ಶಿಲೆ. ಆದರೆ ಸುಮಾರು 3 ಕಿಲೋಮೀಟರ್ ಆಳದ ಬಿಸಿಗೆ ಎಮಲ್ಷನ್ ತೆಳುವಾಗುತ್ತದೆ. ಬಾಡಮೇರಿನಲ್ಲಿ ನೀರಿಗೆ ಬರವಿದೆ, ಆದ್ದರಿಂದ ಅಲ್ಲೇ ಮಾಡೋಣ ಎಂದು ಉತ್ಸಾಹ ತೋರಿದ ನನ್ನ ಬೆಂಬಲಿಗರಿಗೂ ಇದೇ ಉತ್ತರ.

ಎರಡನೆಯದು: “ಅದು 1970ರ ದಶಕದ ತಂತ್ರ, ಒಳ್ಳೆಯದಾಗಿದ್ದರೆ ಸಾಯುತ್ತಿತ್ತೇ?” ಈ ಕಸುಬಿನ ಇತಿಹಾಸ ಓದಿದವರು ಹೇಳುವ ಮಾತಲ್ಲ ಇದು. ಬಂಡೆ ಸೀಳುವ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ಅಮೆರಿಕದ ಕಾನ್ಸಾಸ್ ರಾಜ್ಯದ ಹ್ಯೂಗೋಟನ್ ಅನಿಲ ಕ್ಷೇತ್ರದಲ್ಲಿ. ಸ್ಟಾನೊಲಿಂಡ್ ಕಂಪನಿ ಅಂದು ಇಳಿಸಿದ್ದು ನೀರನ್ನಲ್ಲ, ಯುದ್ಧಕಾಲದ ನಪಾಮ್ ಬೆರೆಸಿ ಮಂದ ಮಾಡಿದ 1,000 ಗ್ಯಾಲನ್ ಗ್ಯಾಸೊಲಿನ್. ಇಳುವರಿ ಹೇಳಿಕೊಳ್ಳುವಷ್ಟು ಏರಲಿಲ್ಲ. 1949ರ ಮಾರ್ಚ್ 17ರಂದು ಹಾಲಿಬರ್ಟನ್ ಕಂಪನಿ ಓಕ್ಲಹೋಮಾದಲ್ಲೂ ಟೆಕ್ಸಾಸಿನಲ್ಲೂ ಮೊದಲ ವಾಣಿಜ್ಯ ಕೆಲಸ ಮಾಡಿತು. ನೀರು ಈ ಕೆಲಸಕ್ಕೆ ಬಂದದ್ದು 1953ರಿಂದ ಈಚೆಗೆ. ಗೋರಿಕಾಯಿ ಗೋಂದಿನ ಎಳೆಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಜೆಲ್ ಮಾಡುವುದು 1960ರ ದಶಕದ ಕೊನೆಗೆ. ಅಂದರೆ ಈ ಕಸುಬು ಶುರುವಾದದ್ದೇ ಎಣ್ಣೆಯಿಂದ, ನೀರು ಆಮೇಲೆ ಬಂದ ನೆಂಟ.

ಮೂರರಲ್ಲಿ ಎರಡು ಪಾಲು ಎಣ್ಣೆಯ ಎಮಲ್ಷನ್ ರೂಪುಗೊಂಡದ್ದು ಎಕ್ಸಾನ್ ಬಳಗದ ಸಂಶೋಧನಾಲಯದಲ್ಲಿ. ಎಣ್ಣೆ ಹನಿಗಳ ಎಮಲ್ಷನ್ನಿನಿಂದ ಬಂಡೆ ಸೀಳುವ ವಿಧಾನಕ್ಕೆ ಓಥರ್ ಕೀಲ್ ಹೆಸರಿನಲ್ಲಿ ಪೇಟೆಂಟ್ ಸಿಕ್ಕಿದ್ದು 1973ರಲ್ಲಿ. ಇಸವಿ ನೋಡಿ. ಅದೇ ವರ್ಷದ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು, ಬ್ಯಾರೆಲ್ಲಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ದ್ರವದ ಮುಖ್ಯ ಸಾಮಗ್ರಿಯ ಬೆಲೆ ನಾಲ್ಕು ಪಟ್ಟಾದರೆ ಗಿರಾಕಿ ಹಿಂದೆ ಸರಿಯುತ್ತಾನೆ. ಜೊತೆಗೆ ಈ ದ್ರವಕ್ಕೆ ಕೊಳವೆಯಲ್ಲಿ ಘರ್ಷಣೆ ಜಾಸ್ತಿ, ಬಿಸಿಗೆ ತಾಳಿಕೆ ಕಡಿಮೆ. ಆಳದ, ಬಿಸಿ ಬಾವಿಗಳ ಕಡೆಗೆ ಅಮೆರಿಕ ಹೊರಳಿದಾಗ ಇದು ಹಿಂದೆ ಬಿತ್ತು. ಕಾರಣಗಳು ಇವು. ಇವುಗಳಲ್ಲಿ ಯಾವುದೂ ಒಂದೂವರೆ ಕಿಲೋಮೀಟರ್ ಆಳದ, ಸ್ವಂತ ಎಣ್ಣೆ ಇರುವ ಬಾವಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ.

ಸತ್ತಿದೆ ಎಂಬುದೂ ನಿಜವಲ್ಲ. ಸೌದಿ ಅರೇಬಿಯಾದ ಸುಣ್ಣಕಲ್ಲಿನ ಪದರಗಳಲ್ಲಿ ಇಂದಿಗೂ ಆಸಿಡ್ಡನ್ನು ಡೀಸೆಲ್ಲಿನೊಳಗೆ ಹನಿಯಾಗಿಸಿ ಇಳಿಸುತ್ತಾರೆ. ಸಾಮಾನ್ಯವಾಗಿ 70 ಪಾಲು ಆಸಿಡ್, 30 ಪಾಲು ಡೀಸೆಲ್. ಡೀಸೆಲ್ ಸುತ್ತುವರಿದಿರುವುದರಿಂದ ಆಸಿಡ್ ಬಾವಿಯ ಅಂಚಿನಲ್ಲೇ ಖರ್ಚಾಗಿ ಮುಗಿಯದೆ ಬಂಡೆಯ ಒಳಗೆ ದೂರ ಹೋಗುತ್ತದೆ. ಕೊಲ್ಲಿಯಲ್ಲಿ ದುಡಿಯುವ ನಮ್ಮ ಕನ್ನಡಿಗ ಎಂಜಿನಿಯರುಗಳಲ್ಲಿ ಈ ಮಿಶ್ರಣವನ್ನು ಕೈಯಾರೆ ಪರೀಕ್ಷಿಸಿದವರು ಇದ್ದಾರೆ, ಅವರನ್ನೇ ಕೇಳಿ.

ಇದರ ಜೊತೆಗೇ ಒಬ್ಬರು ಕೆನಡಾದ ಕಥೆ ಎತ್ತಿದ್ದಾರೆ: ಅಲ್ಲಿ ಎಣ್ಣೆ ಆಧಾರಿತ ದ್ರವ ಬಳಸಿದ ಬಾವಿಗಳ ಕಚ್ಚಾ ಎಣ್ಣೆಯಿಂದ ರಿಫೈನರಿಯ ಗೋಪುರದ ತಟ್ಟೆಗಳು ಕಟ್ಟಿಕೊಂಡವಂತೆ. ಹೌದು, ಕಟ್ಟಿಕೊಂಡವು. ಆದರೆ ಅದಕ್ಕೆ ಕಾರಣ ಎಣ್ಣೆಯನ್ನು ಜೆಲ್ ಮಾಡಲು ಬೆರೆಸಿದ ಫಾಸ್ಫೇಟ್ ಎಸ್ಟರ್. ಎಮಲ್ಷನ್ನಿನಲ್ಲಿ ಆ ಪದಾರ್ಥವೇ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು.

ಮೂರನೆಯ ಆಕ್ಷೇಪ ನಮ್ಮ ಕಸುಬಿನ ಹೊಸ ಪೀಳಿಗೆಯದು: ಬರೀ ನೀರಿಗೆ ಚೂರು ಪಾಲಿಮರ್ ಬೆರೆಸಿದ ಸ್ಲಿಕ್‌ವಾಟರಿನಿಂದ ಇಡೀ ಶೇಲ್ ಕ್ರಾಂತಿಯೇ ಆಗಿರುವಾಗ ಈ ತಲೆನೋವು ಯಾಕೆ ಎಂದು. ಟೆಕ್ಸಾಸಿನ ಬಾರ್ನೆಟ್ ಶೇಲಿನಲ್ಲಿ ಮಿಚೆಲ್ ಎನರ್ಜಿ ಕಂಪನಿಯ ಎಂಜಿನಿಯರ್ ನಿಕ್ ಸ್ಟೈನ್ಸ್‌ಬರ್ಗರ್ 1997-98ರಲ್ಲಿ ಜೆಲ್ ಬಿಟ್ಟು ತೆಳು ನೀರಿಗೆ ಹೋಗಿ ಗೆದ್ದದ್ದು ನಿಜ. ಆದರೆ ಗೆದ್ದದ್ದು ಎಂಥ ಬಂಡೆಯಲ್ಲಿ? ಹೊಡೆದರೆ ಒಡೆಯುವ ಪೆಡಸು ಬಂಡೆಯಲ್ಲಿ. ತೆಳು ನೀರಿಗೆ ಮರಳು ಹೊರುವ ಶಕ್ತಿಯಿಲ್ಲ, ವೇಗದಿಂದ ತಳ್ಳಿಕೊಂಡು ಹೋಗಬೇಕು. ಅದಕ್ಕೆ ನಿಮಿಷಕ್ಕೆ 100 ಬ್ಯಾರೆಲ್ ಹತ್ತಿರದ ದರ, ಸಾಲುಗಟ್ಟಿ ನಿಂತ ಪಂಪು ಲಾರಿಗಳು, ಒಂದು ಅಡ್ಡ ಬಾವಿಗೆ 4 ಕೋಟಿ ಲೀಟರ್ ಮೀರಬಹುದಾದ ನೀರು. ಒಳಹೋದ ನೀರಿನಲ್ಲಿ ದೊಡ್ಡ ಪಾಲು ಹಿಂದಿರುಗುವುದೇ ಇಲ್ಲ. ಒತ್ತಡ ತುಂಬಿದ ಶೇಲ್ ಇದನ್ನು ತಾಳಿಕೊಳ್ಳುತ್ತದೆ. ಕಲೋಲಿನಂಥ ಮುದಿ ಪದರ ತಾಳುವುದಿಲ್ಲ.

ಯಾಕೆ ತಾಳುವುದಿಲ್ಲ ಎಂಬಲ್ಲೇ ನನ್ನ ಇಡೀ ವಾದ ಇದೆ. 1,500 ಮೀಟರ್ ಆಳದ ಬಾವಿಯ ತುಂಬ ನೀರು ನಿಂತರೆ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 150 ಕೆ.ಜಿ. ಭಾರ. ಪದರದ ಸ್ವಂತ ಒತ್ತಡ ಅದಕ್ಕಿಂತ ಕೆಳಗಿಳಿದಿದ್ದರೆ ಆ ನೀರನ್ನು ಮೇಲೆತ್ತುವವರು ಯಾರು? ನೈಟ್ರೊಜನ್ ಊದಬೇಕು, ಇಲ್ಲವೇ ಪಂಪು ಇಳಿಸಬೇಕು. ಬಾವಿಯದು ಹಾಗಾಯಿತು. ಬಂಡೆಯ ಸಣ್ಣ ರಂಧ್ರಗಳ ಕಥೆ ಇನ್ನೂ ಕೆಟ್ಟದ್ದು. ಅಲ್ಲಿಗೆ ನುಗ್ಗಿದ ನೀರು ಲೋಮನಾಳ ಶಕ್ತಿಯಿಂದ ಕಚ್ಚಿಕೊಂಡು ಕೂತು ಎಣ್ಣೆಯ ದಾರಿ ಮುಚ್ಚುತ್ತದೆ. ಜೇಡಿ ಇದ್ದರೆ ಅದು ನೀರು ಕುಡಿದು ಉಬ್ಬುತ್ತದೆ. ಬಿರುಕು ಚೆನ್ನಾಗಿ ಬಿದ್ದು, ಮರಳು ಚೆನ್ನಾಗಿ ಕೂತು, ಎಣ್ಣೆ ಮಾತ್ರ ಬಾರದ ಬಾವಿಗಳ ಕಡತಗಳನ್ನು ತೆಗೆದು ನೋಡಿದರೆ ಈ ಕಾರಣ ಮತ್ತೆ ಮತ್ತೆ ಕಾಣಿಸುತ್ತದೆ. ಎಮಲ್ಷನ್ ಆದರೆ ಬಂಡೆಗೆ ಸೋಕುವ ನೀರು ಮೂರರಲ್ಲಿ ಒಂದು ಪಾಲು. ಹನಿಗಳೇ ರಂಧ್ರದ ಬಾಯಲ್ಲಿ ತಡೆಯಾಗಿ ನಿಲ್ಲುವುದರಿಂದ ಸೋರಿಕೆಯೂ ಕಡಿಮೆ. ಬುಡದ ಭಾರ 150ರ ಬದಲು 135ರ ಹತ್ತಿರ. ಆ 15 ಕೆ.ಜಿ. ವ್ಯತ್ಯಾಸದಿಂದ ಇಳಿಸುವಾಗ ಮೇಲಿನ ಪಂಪಿಗೆ ಹೊರೆ ಹೆಚ್ಚುತ್ತದೆ, ಅದು ನಿಜ. ಹಿಂದಿರುಗುವಾಗ ಆ ಹಗುರತನವೇ ಬಾವಿಯನ್ನು ಬದುಕಿಸುತ್ತದೆ.

ಈಗ ವಿಷದ ವಿಷಯಕ್ಕೆ ಬರುತ್ತೇನೆ. ಅಂತರ್ಜಲದ ಬಗ್ಗೆ ಬರೆದವರು ಅಮೆರಿಕದ ಡೀಸೆಲ್ ಪ್ರಕರಣವನ್ನು ಮುಂದಿಟ್ಟಿದ್ದಾರೆ. ಅದನ್ನು ಅರ್ಧ ಹೇಳಿ ಬಿಟ್ಟಿರುವುದರಿಂದ ಉಳಿದರ್ಧ ನಾನು ಹೇಳುತ್ತೇನೆ. ಕಲ್ಲಿದ್ದಲ ಪದರಗಳು ಕುಡಿಯುವ ನೀರಿನ ಪದರಗಳ ಪಕ್ಕದಲ್ಲಿ, ಕೆಲವೆಡೆ ಅವುಗಳ ಒಳಗೇ ಇರುತ್ತವೆ. ಅಂಥ ಕಡೆ ಡೀಸೆಲ್ ಬೆರೆತ ದ್ರವ ಇಳಿಸುವುದನ್ನು ನಿಲ್ಲಿಸುತ್ತೇವೆ ಎಂದು 2003ರ ಡಿಸೆಂಬರಿನಲ್ಲಿ ಮೂರು ದೊಡ್ಡ ಸೇವಾ ಕಂಪನಿಗಳು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡವು. 2005ರ ಇಂಧನ ಕಾಯ್ದೆ ಬಂಡೆ ಸೀಳುವ ಕೆಲಸವನ್ನು ಕುಡಿಯುವ ನೀರಿನ ಕಾನೂನಿನ ಹಿಡಿತದಿಂದ ಹೊರಗಿಟ್ಟಿತು, ಡೀಸೆಲ್ ಒಂದನ್ನು ಬಿಟ್ಟು. ಆದರೂ 2005ರಿಂದ 2009ರವರೆಗೆ 19 ರಾಜ್ಯಗಳಲ್ಲಿ 3 ಕೋಟಿ 20 ಲಕ್ಷ ಗ್ಯಾಲನ್ನಿನಷ್ಟು ಡೀಸೆಲ್ ಅಥವಾ ಡೀಸೆಲ್ ಬೆರೆತ ದ್ರವ ಬಾವಿಗಳಿಗೆ ಇಳಿದಿತ್ತು ಎಂದು ಅಮೆರಿಕದ ಸಂಸದರು 2011ರಲ್ಲಿ ಬಯಲು ಮಾಡಿದರು. 2014ರಲ್ಲಿ ಡೀಸೆಲ್ ಎಂದರೆ ಯಾವ ಯಾವ ಪದಾರ್ಥ ಎಂದು ಹೆಸರಿಸುವ ಮಾರ್ಗಸೂಚಿ ಬಂತು.

ಇದರಿಂದ ನಾನು ಕಲಿಯುವ ಪಾಠವೂ ಆಕ್ಷೇಪಿಸಿದವರು ಕಲಿಯುವ ಪಾಠವೂ ಒಂದೇ: ಡೀಸೆಲ್ ಬೇಡ. ಅದರಲ್ಲಿ ಬೆನ್ಜೀನ್, ಟಾಲುಯೀನ್ ಬಳಗ ಇದೆ, ಹೊರಗಿನಿಂದ ತಂದು ನೆಲಕ್ಕಿಳಿಸುವ ಅಗತ್ಯವಿಲ್ಲ. ನಮ್ಮ ಸೇವಾ ಕಂಪನಿಗಳು ಸುಲಭವಾಗಿ ಸಿಗುತ್ತದೆ ಎಂದು ಡೀಸೆಲ್ಲಿಗೇ ಕೈ ಹಾಕುವ ಸಾಧ್ಯತೆ ಇರುವುದರಿಂದ ಟೆಂಡರಿನಲ್ಲೇ ಅದನ್ನು ನಿಷೇಧಿಸಬೇಕು. ಕ್ಷೇತ್ರದ ಸ್ವಂತ ಎಣ್ಣೆಯಲ್ಲಿ ಬೆನ್ಜೀನ್ ಇಲ್ಲವೇ? ಇದೆ. ಆದರೆ ಅದು ಯಾವ ಪದರದಿಂದ ಬಂತೋ ಅದೇ ಪದರಕ್ಕೆ ಮರಳುತ್ತದೆ, ಅಲ್ಲಿ ಲಕ್ಷಾಂತರ ವರ್ಷಗಳಿಂದ ಇರುವುದೂ ಅದೇ. ಅಪಾಯ ಇರುವುದು ದಾರಿಯಲ್ಲಿ: ಟ್ಯಾಂಕಿನಲ್ಲಿ, ಹೋಸ್ ಪೈಪಿನ ಜೋಡಣೆಯಲ್ಲಿ, ಬಾವಿಯ ಉಕ್ಕಿನ ಕೊಳವೆಯಾದ ಕೇಸಿಂಗಿನ ಹಿಂದಿನ ಸಿಮೆಂಟಿನಲ್ಲಿ. ಅಮೆರಿಕದ ಅದೇ ಪರಿಸರ ಸಂಸ್ಥೆ ಬಂಡೆ ಸೀಳುವುದರಿಂದ ಕುಡಿಯುವ ನೀರಿನ ಮೇಲಾಗುವ ಪರಿಣಾಮದ ಬಗ್ಗೆ 2016ರಲ್ಲಿ ಕೊಟ್ಟ ಅಂತಿಮ ವರದಿ ಎಣಿಸಿದ ದಾರಿಗಳೂ ಹೆಚ್ಚುಕಡಿಮೆ ಇವೇ. ಮೇಲೆ ಚೆಲ್ಲುವುದು, ಬಾವಿಯ ಗೋಡೆ ಕೆಡುವುದು, ನೇರವಾಗಿ ಅಂತರ್ಜಲದ ಪದರಕ್ಕೇ ಇಳಿಸುವುದು, ತ್ಯಾಜ್ಯವನ್ನು ಅಸ್ತರಿಯಿಲ್ಲದ ಗುಂಡಿಯಲ್ಲಿ ನಿಲ್ಲಿಸುವುದು, ನೀರಿನ ಬರವಿರುವಲ್ಲಿ ನೀರೆತ್ತುವುದು. ಈ ಪಟ್ಟಿಯಲ್ಲಿ ದ್ರವದೊಳಗೆ ಏನಿದೆ ಎಂಬುದಕ್ಕಿಂತ ಯಾರು, ಎಲ್ಲಿ, ಹೇಗೆ ಕೆಲಸ ಮಾಡುತ್ತಾರೆ ಎಂಬುದೇ ದೊಡ್ಡದಾಗಿ ಕಾಣುತ್ತದೆ.

ಸ್ಲಿಕ್‌ವಾಟರಿನಲ್ಲಿ ಎಣ್ಣೆಯಿಲ್ಲ, ಆದ್ದರಿಂದ ಅದು ಶುದ್ಧ ಎಂಬ ಮಾತೂ ಬಂದಿದೆ. ಘರ್ಷಣೆ ತಗ್ಗಿಸಲು ಅದಕ್ಕೆ ಬೆರೆಸುವ ಪಾಲಿಅಕ್ರಿಲಮೈಡ್ ಪಾಲಿಮರ್ ಬಹುಪಾಲು ಬರುವುದು ಹೇಗೆ ಗೊತ್ತೇ? ಖನಿಜ ತೈಲದೊಳಗೆ ಹನಿಯಾಗಿ ಕೂತ ಎಮಲ್ಷನ್ ಆಗಿ! ನೀರಿಗೆ ಬಿದ್ದೊಡನೆ ಅದು ತಿರುಗಿ, ಪಾಲಿಮರ್ ಬಿಚ್ಚಿಕೊಳ್ಳುತ್ತದೆ, ಎಣ್ಣೆ ನೀರಿಗೆ ಸೇರುತ್ತದೆ. ಸಾವಿರ ಲೀಟರಿಗೆ ಒಂದು ಲೀಟರಿನಂತೆ ಹಿಡಿದರೆ 4 ಕೋಟಿ ಲೀಟರಿಗೆ 40,000 ಲೀಟರ್ ಈ ಪದಾರ್ಥ, ಅದರಲ್ಲಿ ಕಾಲು ಭಾಗ ಎಣ್ಣೆ ಎಂದರೂ 10,000 ಲೀಟರ್. ನನ್ನ 2 ಲಕ್ಷ ಲೀಟರಿನ ಮುಂದೆ ಇದು ಸಣ್ಣದು, ಒಪ್ಪುತ್ತೇನೆ. ಎಣ್ಣೆಯಿಲ್ಲ ಎಂಬ ಮಾತು ಮಾತ್ರ ಸುಳ್ಳು. ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಹಾಗಾಗಿ ನಾನೇ ಕೇಳಿಕೊಂಡು ಉತ್ತರಿಸುತ್ತೇನೆ: ಎಮಲ್ಸಿಫೈಯರ್ ಎಂಥದ್ದು? ಮರಳುಗಲ್ಲಿಗೆ ಒಗ್ಗುವ ಧನ ವಿದ್ಯುದಂಶದ ಅಮೈನ್ ಜಾತಿಯವು ಮೀನಿಗೆ ವಿಷ. ಪ್ರಮಾಣ ಅತ್ಯಲ್ಪ, ಆದರೆ ಡ್ರಮ್ಮು ಒಡೆದು ಹಳ್ಳಕ್ಕೆ ಹರಿದರೆ ಅಲ್ಪವೂ ಸಾಕು. ಪರಿಸರದವರು ಎಣ್ಣೆಯ ಹಿಂದೆ ಓಡುವ ಬದಲು ಈ ಡ್ರಮ್ಮನ್ನು ಕಾದರೆ ಹೆಚ್ಚು ಪ್ರಯೋಜನ.

“ಎಮಲ್ಷನ್ ಬಂಡೆಯೊಳಗೇ ಕಟ್ಟಿಕೊಂಡು ದಾರಿ ಮುಚ್ಚುತ್ತದೆ” ಎಂಬ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗೌರವದಿಂದ ನೋಡುತ್ತೇನೆ. ಕಚ್ಚಾ ಎಣ್ಣೆಯಲ್ಲಿ ಆಸ್ಫಾಲ್ಟೀನ್ ಎಂಬ ಡಾಂಬರಿನಂಥ ಅಂಶ ಇದ್ದರೆ, ನುಣ್ಣನೆ ಜೇಡಿ ಬೆರೆತರೆ, ಎಮಲ್ಷನ್ ಒಡೆಯದೆ ಹಠ ಹಿಡಿಯುತ್ತದೆ. ಅದನ್ನು ಮೊದಲೇ ಕಂಡುಹಿಡಿಯಲು ಒಂದು ಬೆಂಚು, ಒಂದು ಮಿಕ್ಸರ್, ಕೆಲವು ಗಾಜಿನ ಸೀಸೆ ಸಾಕು. ಲ್ಯಾಬಿನಲ್ಲಿ ನಾವು ಮಾಡುವುದು ಹೀಗೆ. ಜಾರಿಗೆ ಶೇ. 2ರ ಪೊಟ್ಯಾಸಿಯಂ ಕ್ಲೋರೈಡ್ ನೀರು ಹಾಕಿ, ತಿರುಗುತ್ತಿರುವಾಗಲೇ ಗೋಂದಿನ ಪುಡಿಯನ್ನು ಗಂಟಾಗದಂತೆ ಉದುರಿಸಿ, ಅರ್ಧ ಗಂಟೆ ನೆನೆಯಲು ಬಿಡುತ್ತೇವೆ. ಎಮಲ್ಸಿಫೈಯರ್ ಕೆಲವೇ ಹನಿ. ಆಮೇಲೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಬೇಕು, ಅವಸರ ಮಾಡಿದರೆ ತಿರುಗಿಬಿಡುತ್ತದೆ. ಮೊದಲು ಕಿರುಚುವ ಮಿಕ್ಸರಿನ ದನಿ ಮೆಲ್ಲಗೆ ಗೊಗ್ಗರಾಗುತ್ತದೆ, ನಡುವಿನ ಸುಳಿ ಚಿಕ್ಕದಾಗುತ್ತ ಬಂದು ಮುಚ್ಚಿಕೊಳ್ಳುತ್ತದೆ, ಕಂದು ಎಣ್ಣೆ ಹೋಗಿ ಕೆನೆಬಣ್ಣದ ಮಂದ ದ್ರವ ಉಳಿಯುತ್ತದೆ. ಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು ನೀರಿಗೆ ಬಿಟ್ಟರೆ ಹೊಗೆಯಾಡಿ ಹರಡಬೇಕು, ಎಣ್ಣೆಗೆ ಬಿಟ್ಟರೆ ಉಂಡೆಯಾಗಿ ತಳ ಸೇರಬೇಕು. ಹಾಗಾದರೆ ನೀರು ಹೊರಗಿದೆ ಎಂದು ಖಾತ್ರಿ.

ಅಸಲಿ ಪರೀಕ್ಷೆ ಇದರ ನಂತರದ್ದು. ಆ ಕ್ಷೇತ್ರದ ಬಂಡೆಯ ಕೋರ್ ತುಂಡನ್ನು ಕುಟ್ಟಿ ಪುಡಿ ಮಾಡಿ, ಆ ಪುಡಿ, ಅದೇ ಬಾವಿಯ ಕಚ್ಚಾ ಎಣ್ಣೆ, ಅದೇ ಪದರದ ನೀರು, ಜೊತೆಗೆ ನಮ್ಮ ಎಮಲ್ಷನ್, ಎಲ್ಲವನ್ನೂ ಸೀಸೆಯಲ್ಲಿ ಕುಲುಕಿ ಪದರದ ಬಿಸಿಯಲ್ಲಿ ಇಡುತ್ತೇವೆ. ಎಮಲ್ಸಿಫೈಯರ್ ಸರಿಯಾದದ್ದಾದರೆ ಅದು ಹನಿಗಳನ್ನು ಬಿಟ್ಟು ಬಂಡೆಯ ಪುಡಿಗೆ ಅಂಟಿಕೊಳ್ಳುತ್ತದೆ, ಕಾವಲು ಕಳೆದುಕೊಂಡ ಹನಿಗಳು ಒಂದಾಗುತ್ತವೆ, ನೀರು ಕೆಳಗೆ, ಎಣ್ಣೆ ಮೇಲೆ. ಬಾವಿಯೊಳಗೆ ಈ ದ್ರವ ಒಡೆಯುವುದೂ ಹೀಗೆಯೇ, ಬಂಡೆಯೇ ಅದನ್ನು ಒಡೆಯುತ್ತದೆ. ಕೊನೆಗೆ 100 ಮೆಷ್ಷಿನ ಜರಡಿಗೆ ಸುರಿಯಬೇಕು. ಸರಾಗ ಇಳಿದರೆ ಪಾಸು. ಜರಡಿಯ ಮೇಲೆ ಕರಿ ಲೋಳೆ ಉಳಿದರೆ ಆ ಸೂತ್ರವನ್ನು ಅಲ್ಲಿಗೇ ಬಿಟ್ಟು ಬೇರೆ ಎಮಲ್ಸಿಫೈಯರ್ ಹುಡುಕಬೇಕು. ಯಾವುದೂ ಹೊಂದದಿದ್ದರೆ ಆ ಕ್ಷೇತ್ರಕ್ಕೆ ಎಮಲ್ಷನ್ ಬೇಡ. ಈ ಪರೀಕ್ಷೆ ಮಾಡದೆ, ಬೇರೆ ಕ್ಷೇತ್ರದ ಸೂತ್ರ ತಂದು ಸುರಿದು, ಬಾವಿ ಕಟ್ಟಿಕೊಂಡಾಗ ದ್ರವದ ಜಾತಿಯನ್ನೇ ಬೈಯುವ ಚಾಳಿ ನಮ್ಮಲ್ಲಿದೆ.

ಬೆಂಕಿಯ ಭಯ: 2011ರ ಜನವರಿಯಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಗ್ಯಾಸ್‌ಫ್ರ್ಯಾಕ್ ಕಂಪನಿಯ ಕೆಲಸದಲ್ಲಿ ಬೆಂಕಿ ಹೊತ್ತಿ ಕೆಲಸಗಾರರು ಗಾಯಗೊಂಡದ್ದನ್ನು ಉದಾಹರಿಸಿದ್ದಾರೆ. ಅದು ಜೆಲ್ ಮಾಡಿದ ಎಲ್‌ಪಿಜಿ, ನಮ್ಮ ಅಡುಗೆ ಅನಿಲದ ಬಳಗ. ನೀರು ಸುತ್ತುವರಿದ ಎಮಲ್ಷನ್ ಅಷ್ಟು ಸುಲಭಕ್ಕೆ ಹೊತ್ತುವುದಿಲ್ಲ. ಟ್ಯಾಂಕಿನಲ್ಲಿ ನಿಂತ ಎಣ್ಣೆ ಹೊತ್ತುತ್ತದೆ, ಹಾಗಾಗಿ ಅರ್ತಿಂಗ್, ಫ್ಲ್ಯಾಶ್ ಪಾಯಿಂಟ್ ತಪಾಸಣೆ, ನೊರೆಯ ಬಂಡಿ ಎಲ್ಲ ಇರಲೇಬೇಕು. ಹೆಚ್ಚಿನ ಚರ್ಚೆಗೆ ಇಲ್ಲಿ ಸರಕಿಲ್ಲ.

ಗೋರಿಕಾಯಿ ಬೆಳೆಯುವವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀರಿ ಎಂದವರು ನನ್ನನ್ನು ಅಚ್ಚರಿಗೊಳಿಸಿದರು. ನಾವು ಪಲ್ಯ ಮಾಡುವ, ಬೆಳಗಾವಿ-ಧಾರವಾಡದ ಕಡೆ ಚವಳಿಕಾಯಿ ಎನ್ನುವ ಅದೇ ಗಿಡದ ಬೀಜದ ಗೋಂದೇ ನೀರಿನ ಜೆಲ್ಲಿನ ಜೀವ. ಜಗತ್ತಿನ ಗೋರಿಕಾಯಿಯಲ್ಲಿ ಸುಮಾರು ಶೇ. 80 ಭಾರತದ್ದು, ಅದರಲ್ಲೂ ಹೆಚ್ಚಿನ ಪಾಲು ರಾಜಸ್ಥಾನದ್ದು. 2012ರಲ್ಲಿ ಅಮೆರಿಕದ ಬಾವಿಗಳ ಹಸಿವಿಗೆ ಬೀಜದ ಬೆಲೆ ಕ್ವಿಂಟಲಿಗೆ 30,000 ರೂಪಾಯಿಯ ಸುತ್ತ ಹೋಯಿತು, ಮಾರ್ಚಿನಲ್ಲಿ ಸರ್ಕಾರ ವಾಯಿದಾ ವ್ಯಾಪಾರವನ್ನೇ ನಿಲ್ಲಿಸಿತು, ಹಾಲಿಬರ್ಟನ್ನಿನಂಥ ದೈತ್ಯನ ಲಾಭವೂ ಈ ಗೋಂದಿನಿಂದ ಕುಗ್ಗಿತು. ಎಮಲ್ಷನ್ನಿನಲ್ಲೂ ಗೋಂದು ಇದೆ, ಆದರೆ ನೀರಿನ ಪಾಲಿಗಷ್ಟೆ. ಘನ ಮೀಟರ್ ನೀರಿಗೆ 3.6 ಕೆ.ಜಿ. ಎಂದರೆ 300 ಘನ ಮೀಟರ್ ಜೆಲ್ಲಿಗೆ 1,080 ಕೆ.ಜಿ. ಬೇಕಾಗುವಲ್ಲಿ ಎಮಲ್ಷನ್ನಿಗೆ 360 ಕೆ.ಜಿ. ಸಾಕು. ಗೋಂದಿನಲ್ಲಿ ಕರಗದೆ ಉಳಿಯುವ ಕಸ ಶೇ. 6ರಿಂದ 10 ಇರುತ್ತದೆ, ಬಿರುಕಿನ ಮರಳಿನ ಸಂದಿಯಲ್ಲಿ ಅದು ಕಡಿಮೆಯಾದಷ್ಟೂ ಎಣ್ಣೆಗೆ ದಾರಿ ಸುಗಮ. ಒಂದು ಬಾವಿಯಲ್ಲಿ 720 ಕೆ.ಜಿ. ಉಳಿದರೆ ಜೋಧಪುರದ ಮಂಡಿ ಕುಸಿಯುವುದಿಲ್ಲ. ಬೇಡಿಕೆಗೆ ನಿಜವಾದ ಪೆಟ್ಟು ಕೊಟ್ಟದ್ದು ಗೋಂದೇ ಬೇಡದ ಸ್ಲಿಕ್‌ವಾಟರ್. ರೈತರ ಪರವಾಗಿ ಬರೆದವರು ಮುಂದಿನ ಪ್ಯಾರಾದಲ್ಲೇ ಅದನ್ನು ಹೊಗಳಿದ್ದಾರೆ!

ಕೊನೆಯದು: ನೀರು ಉಳಿಸುತ್ತೇವೆ ಎಂಬ ನೆಪ ಹೇಳಿಕೊಂಡು ನಾಳೆ ಕಾವೇರಿ ಮುಖಜ ಭೂಮಿಗೂ ಬರುತ್ತೀರಿ ಎಂಬ ಅನುಮಾನ. ತಮಿಳುನಾಡಿನಲ್ಲಿ ಮನ್ನಾರ್‌ಗುಡಿಯ ಮೀಥೇನ್ ಯೋಜನೆಯ ವಿರುದ್ಧ ಸಾವಯವ ಕೃಷಿಯ ಹೋರಾಟಗಾರ ನಮ್ಮಾಳ್ವಾರ್ ಅವರು ರೈತರನ್ನು ಎಬ್ಬಿಸಿದ್ದು, 2017ರಲ್ಲಿ ತೈಲ-ಅನಿಲ ಯೋಜನೆಯ ವಿರುದ್ಧ ನೆಡುವಾಸಲ್ ಹಳ್ಳಿ ಬೀದಿಗಿಳಿದದ್ದು, 2020ರಲ್ಲಿ ಆ ಸೀಮೆಯನ್ನು ಸಂರಕ್ಷಿತ ಕೃಷಿ ವಲಯ ಎಂದು ಕಾನೂನು ಮಾಡಿದ್ದು ನಮಗೆ ದೂರದ ಸುದ್ದಿಯಲ್ಲ. ನೆಡುವಾಸಲ್ ಗುತ್ತಿಗೆ ಸಿಕ್ಕಿದ್ದು ಕರ್ನಾಟಕದ ಕಂಪನಿಗೇ. ಆ ಕಾನೂನು ಸರಿ ಎಂದು ನಾನು ಭಾವಿಸುತ್ತೇನೆ. ಮೇಲುಮಟ್ಟದ ಅಂತರ್ಜಲವನ್ನು ನಂಬಿ ಭತ್ತ ಬೆಳೆಯುವ ನೆಲದಲ್ಲಿ ಎಮಲ್ಷನ್ನೂ ಬೇಡ, ನೀರಿನ ಜೆಲ್ಲೂ ಬೇಡ. ಬಾವಿ ಕೊರೆಯಬೇಕೇ ಎಂಬುದು ಒಂದು ತೀರ್ಮಾನ, ಅದು ಊರಿನವರದ್ದು. ಕೊರೆದಾಗಿರುವ ಬಾವಿಗೆ ಯಾವ ದ್ರವ ಎಂಬುದು ಇನ್ನೊಂದು. ನಾನು ಮಾತಾಡಿದ್ದು ಎರಡನೆಯದನ್ನು.

ನೀರಿನ ಉಳಿತಾಯ ನನ್ನ ಮುಖ್ಯ ವಾದವೂ ಅಲ್ಲ. ಒಂದು ಬಾವಿಯಲ್ಲಿ ಉಳಿಯುವ 2 ಲಕ್ಷ ಲೀಟರ್ ಎಂದರೆ 10,000 ಲೀಟರಿನ 20 ಟ್ಯಾಂಕರ್. ಬೋರ್‌ವೆಲ್ಲುಗಳು ನೂರಾರು ಮೀಟರ್ ಇಳಿದಿರುವ ಮೆಹಸಾಣಾ ಸೀಮೆಯಲ್ಲಿ ಒಂದು ಹಳ್ಳಿಗೆ ಅದು ದೊಡ್ಡದು, ಜಿಲ್ಲೆಗೆ ಏನೂ ಅಲ್ಲ. ನನ್ನ ವಾದ ಬಂಡೆಯ ಪರವಾದದ್ದು: ನೀರು ತಾಳದ ಬಂಡೆಗೆ ನೀರು ಕುಡಿಸಬೇಡಿ.

ಇದನ್ನು ಮಾತಿನಲ್ಲಿ ಗೆಲ್ಲಲು ಆಗುವುದಿಲ್ಲ, ನನಗೂ ಆಗುವುದಿಲ್ಲ, ಅವರಿಗೂ ಆಗುವುದಿಲ್ಲ. ಓಎನ್‌ಜಿಸಿಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಒಂದೇ ಕ್ಷೇತ್ರದ ಒಂದೇ ಪದರದಲ್ಲಿ ಅಕ್ಕಪಕ್ಕದ ಬಾವಿಗಳನ್ನು ಆರಿಸಿ, ಒಂದಕ್ಕೆ ನೀರಿನ ಜೆಲ್, ಪಕ್ಕದ್ದಕ್ಕೆ ಡೀಸೆಲ್ ಇಲ್ಲದ ಎಮಲ್ಷನ್ ಇಳಿಸಿ. ಇಳಿಸುವ ಮೊದಲು ಕೇಸಿಂಗಿನ ಸಿಮೆಂಟ್ ಪರೀಕ್ಷೆಯ ವರದಿಯನ್ನೂ ಪ್ರತಿ ರಾಸಾಯನಿಕದ ಹೆಸರು, ಪ್ರಮಾಣವನ್ನೂ ಗುಜರಾತಿಯಲ್ಲಿ ಅಚ್ಚು ಹಾಕಿಸಿ ಆ ಊರಿನ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಒಂದು ವರ್ಷದ ಇಳುವರಿಯಿಂದ ನಾವೇ ಇಳಿಸಿದ ಎಣ್ಣೆಯನ್ನು ಕಳೆದು, ಉಳಿದದ್ದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಆ ಅಂಕಿ ನೀರಿನ ಜೆಲ್ ಪರವಾಗಿ ಬಂದರೆ ನಾನು ಈ ವಿಷಯ ಮತ್ತೆ ಎತ್ತುವುದಿಲ್ಲ.